ಹಿತ್ತಲ ಕರಬೂಜ: ಒಂದು ಬೀಜ ನಡೆದು ಬಂದ ದಾರಿ

ಸಂಕ್ರಾಂತಿ ಮುಗಿದು, ಸೋಲಾಪುರದ ಸಿದ್ಧರಾಮೇಶ್ವರರ ಗಡ್ಡಾ ಜಾತ್ರೆಗೆ ಹೋದವರು ಊರಿಗೆ ಮರಳಿದರೆಂದರೆ, ಹನ್ನೂರಿನ ನಮ್ಮ ಮನೆಯ ಹಿತ್ತಲಲ್ಲಿ ಅವ್ವ ಸಣ್ಣ ಗುದ್ದಲಿ ಹಿಡಿದು ನಿಲ್ಲುತ್ತಿದ್ದಳು. ಬಚ್ಚಲ ನೀರು ಹರಿದು ಹೋಗುವ ಕಡೆ ಮೊಳ ಅಗಲದ ಆರು ಗುಣಿ. ಗುಣಿಗೊಂದು ಬುಟ್ಟಿ ಹಳೆಯ ತಿಪ್ಪೆಗೊಬ್ಬರ, ಮೇಲೆ ಒಂದು ಹಿಡಿ ಬೂದಿ. ರಾತ್ರಿಯೆಲ್ಲ ನೆನೆದ ಬೀಜವನ್ನು ಗುಣಿಗೆ ನಾಲ್ಕರಂತೆ ಊರಿ, ಸಸಿ ಎದ್ದ ಮೇಲೆ ಎರಡನ್ನು ಉಳಿಸಿ ಎರಡನ್ನು ಕಿತ್ತು ಹಾಕುತ್ತಿದ್ದಳು. ಯುಗಾದಿ ಕಳೆದು ಬಿಸಿಲು ನೆತ್ತಿ ಸುಡುವ ಹೊತ್ತಿಗೆ, ಹಿತ್ತಲ ಬಾಗಿಲು ತೆರೆದರೆ ಸಾಕು, ಪಡಸಾಲೆಯ ತನಕ ಕರಬೂಜದ ವಾಸನೆ ಬರುತ್ತಿತ್ತು. ಇಂದು ಆ ಹಣ್ಣಿನ ಚರಿತ್ರೆಯನ್ನು ನಾನು ತಿಳಿದಷ್ಟು ನಿಮ್ಮ ಮುಂದೆ ಇಡುತ್ತೇನೆ.

ನಾನು ಮೆಟ್ರಿಕ್ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಇತಿಹಾಸದ ಪಂಡಿತನಲ್ಲ. ಆದರೆ ಲೆಡ್ಜರ್ ಬರೆದ ಕೈಗೆ ಒಂದು ಚಟ ಇರುತ್ತದೆ. ಜಮೆ ಎಲ್ಲಿಂದ ಬಂತು, ಖರ್ಚು ಎಲ್ಲಿಗೆ ಹೋಯಿತು ಎಂದು ಹಿಂದಿನ ಪುಟ ತಿರುಗಿಸಿ ನೋಡುವ ಚಟ. ನಿವೃತ್ತಿಯಾದ ಮೇಲೆ ಅದೇ ಚಟ ಕರಬೂಜದ ಬೆನ್ನು ಹತ್ತಿತು. ಅದಕ್ಕೊಂದು ಕಾರಣವೂ ಇತ್ತು. ಆ ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ಹೆಸರು ನೋಡೋಣ. ನಾವು ಮನೆಯಲ್ಲಿ ಕರಬೂಜ ಅನ್ನುತ್ತೇವೆ. ಮರಾಠಿ ಮಾತಾಡುವ ನೆರೆಯವರು ಖರಬೂಜ ಅನ್ನುತ್ತಾರೆ. ಎರಡೂ ಒಂದೇ. ಎರಡೂ ಪಾರಸಿಯ ಖರ್ಬೂಜಾ ಎಂಬ ಶಬ್ದದಿಂದ ಬಂದವು. ಅಕ್ಕಲಕೋಟೆಯ ಬಜಾರಿನಲ್ಲಿ ಈ ಹಣ್ಣನ್ನು ಮಾರುವ ಬಾಗವಾನರ ಹೆಸರೂ ಪಾರಸಿಯದೇ. ಬಾಗ ಎಂದರೆ ತೋಟ, ಬಾಗವಾನ ಎಂದರೆ ತೋಟದವನು. ಸೋಲಾಪುರದ ಕೋಟೆ ವಿಜಾಪುರದ ಆದಿಲಶಾಹಿ ಮತ್ತು ಅಹಮದನಗರದ ನಿಜಾಮಶಾಹಿಗಳ ನಡುವೆ ಕೈ ಬದಲಾಯಿಸುತ್ತಿದ್ದ ಕಾಲದಲ್ಲಿ ದಫ್ತರ, ಜಮೀನು, ವಸೂಲಿ ಮುಂತಾದ ಮಾತುಗಳು ನಮ್ಮ ಎರಡೂ ಭಾಷೆಗಳಲ್ಲಿ ಬೇರೂರಿದವು. ಅವುಗಳ ಸಾಲಿನಲ್ಲಿಯೇ ಕರಬೂಜವೂ ಕೂತಿತು. ಈಚೆಗೆ ಪಟ್ಟಣದ ಅಂಗಡಿಗಳಲ್ಲಿ ಇದನ್ನೇ ಕ್ಯಾಂಟಲೂಪ್ ಎಂದು ಚೀಟಿ ಅಂಟಿಸಿ ಮಾರುತ್ತಾರೆ. ಅದು ಇಟಲಿಯ ರೋಮ್ ನಗರದ ಸಮೀಪದ ಕ್ಯಾಂಟಲೂಪೊ ಎಂಬ ಊರಿನ ಹೆಸರು. ಅಲ್ಲಿ ಪೋಪರ ತೋಟದಲ್ಲಿ ಈ ಹಣ್ಣು ಬೆಳೆಯುತ್ತಿತ್ತು, ಅದರ ಬೀಜ ಆರ್ಮೇನಿಯಾದಿಂದ ಬಂದಿತ್ತು ಎಂಬ ಪ್ರತೀತಿ ಇದೆ.

ಹೆಸರು ಪರದೇಶದ್ದಾದ್ದರಿಂದ ಹಣ್ಣೂ ಪರದೇಶದ್ದೇ ಎಂದು ನಾವು ನಂಬಿಕೊಂಡು ಬಂದಿದ್ದೇವೆ. ಈ ನಂಬಿಕೆಗೆ ದೊಡ್ಡವರ ಸಾಕ್ಷಿಯೂ ಇದೆ. 1526ರಲ್ಲಿ ಪಾಣಿಪತದಲ್ಲಿ ಗೆದ್ದು ದಿಲ್ಲಿ, ಆಗ್ರಾಗಳನ್ನು ಹಿಡಿದ ಬಾಬರ ತನ್ನ ಆತ್ಮಚರಿತ್ರೆಯಲ್ಲಿ ಹಿಂದೂಸ್ಥಾನದ ಕೊರತೆಗಳ ಒಂದು ಯಾದಿಯನ್ನೇ ಕೊಟ್ಟಿದ್ದಾನೆ. ಒಳ್ಳೆಯ ದ್ರಾಕ್ಷಿ ಇಲ್ಲ, ಒಳ್ಳೆಯ ಕರಬೂಜ ಇಲ್ಲ, ಮಂಜುಗಡ್ಡೆ ಇಲ್ಲ ಎಂಬುದು ಅವನ ಗೋಳು. ತನ್ನ ಸೀಮೆಯಿಂದ ಬಂದ ಒಂದು ಕರಬೂಜವನ್ನು ಕತ್ತರಿಸಿ ತಿನ್ನುವಾಗ ಕಣ್ಣಲ್ಲಿ ನೀರು ಬಂತೆಂದು 1529ರಲ್ಲಿ ಗೆಳೆಯನಿಗೆ ಪತ್ರ ಬರೆದ. ಆದರೆ ಅದೇ 1529ರ ಬೇಸಿಗೆಯಲ್ಲಿ, ಬಲ್ಖ್‌ನಿಂದ ಕರೆಸಿದ ತೋಟಗಾರನೊಬ್ಬ ಆಗ್ರಾದ ಮಣ್ಣಿನಲ್ಲಿಯೇ ಬೆಳೆದ ಒಳ್ಳೆಯ ಕರಬೂಜಗಳನ್ನು ಅವನ ಮುಂದೆ ಇಟ್ಟ. ಬಾಬರ ಅದನ್ನೂ ಸಂತೋಷದಿಂದಲೇ ಬರೆದಿದ್ದಾನೆ. ಜನ ಮೊದಲನೆಯ ಮಾತನ್ನು ನೆನಪಿಟ್ಟರು, ಎರಡನೆಯದನ್ನು ಮರೆತರು.

ಅವನ ನಂತರ ನೂರು ವರ್ಷಕ್ಕೂ ಮೇಲ್ಪಟ್ಟು ಬರ್ನಿಯರ್ ಎಂಬ ಫ್ರೆಂಚ್ ವೈದ್ಯ ದಿಲ್ಲಿಯಲ್ಲಿದ್ದ. 1663ರಲ್ಲಿ ಅವನು ಬರೆದ ಪತ್ರದಲ್ಲಿಯೂ ಕರಬೂಜದ ವಿಷಯ ಬರುತ್ತದೆ. ಈ ದೇಶದ ಕರಬೂಜ ಅಗ್ಗ, ಆದರೆ ಕೀಳು. ಸಿರಿವಂತರು ಪರ್ಶಿಯಾದಿಂದ ಬೀಜ ತರಿಸಿ ಬಹಳ ಜೋಪಾನದಿಂದ ಬೆಳೆಯುತ್ತಾರೆ. ಆದರೂ ಇಲ್ಲಿಯ ಮಣ್ಣು ಒಗ್ಗದೆ ಒಂದು ವರ್ಷ ಕಳೆದ ಮೇಲೆ ಬೀಜದ ಗುಣ ಕೆಡುತ್ತದೆ ಎಂಬ ಅರ್ಥದ ಮಾತು ಅವನದು. ಈ ಕೊನೆಯ ಮಾತನ್ನು ದಯವಿಟ್ಟು ನೆನಪಿಡಿ. ಬೀಜ ಕೆಟ್ಟದ್ದು ನಿಜ. ಆದರೆ ತಪ್ಪು ಮಣ್ಣಿನದೇ? ಇದೇ ನನ್ನ ಇಂದಿನ ಪ್ರಶ್ನೆ.

ನಮ್ಮ ಭೀಮಾ ನದಿಯನ್ನೇ ಸಾಕ್ಷಿಗೆ ಕರೆಯೋಣ. ಅಕ್ಕಲಕೋಟೆ ತಾಲೂಕಿನ ದಕ್ಷಿಣಕ್ಕೆ ಭೀಮೆಯೇ ಗಡಿ. ಈಚೆ ದಂಡೆ ಮಹಾರಾಷ್ಟ್ರ, ಆಚೆ ದಂಡೆ ಕರ್ನಾಟಕ. ನಾನು ಹುಡುಗನಿದ್ದಾಗ ದೀಪಾವಳಿ ಕಳೆದು ನೀರು ಇಳಿದ ಮೇಲೆ ಎರಡೂ ದಂಡೆಯವರು ನದಿಯ ಉಸುಕಿನಲ್ಲಿ ಗುಣಿ ತೋಡುತ್ತಿದ್ದರು. ಕೆಳಗಿನ ತೇವ ಕೈಗೆ ಹತ್ತುವ ತನಕ ತೋಡಿ, ಗೊಬ್ಬರ ತುಂಬಿ, ಕರಬೂಜ, ಕಲ್ಲಂಗಡಿ, ಸವತಿ ಬೀಜ ಊರುತ್ತಿದ್ದರು. ಮೊದಮೊದಲು ಕೊಡದಿಂದ ನೀರು, ಬೇರು ತೇವಕ್ಕೆ ಮುಟ್ಟಿದ ಮೇಲೆ ಅದೂ ಬೇಡ. ಹಗಲು ಉಸುಕು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ, ಹಣ್ಣಿಗೆ ಸಿಹಿ ಇಳಿಯುತ್ತದೆ. ಮಳೆಗಾಲದ ಮೊದಲ ಹೊನಲು ಬರುವುದರೊಳಗೆ ಎಲ್ಲ ಹಣ್ಣು ಮಾರಿ ಮುಗಿಯಬೇಕು. ನಡುಹೊಳೆಯ ಬಳ್ಳಿ ಯಾವ ರಾಜ್ಯದ್ದೆಂದು ಯಾರೂ ಕೇಳುತ್ತಿರಲಿಲ್ಲ. 1980ರಲ್ಲಿ ಮೇಲುಗಡೆ ಉಜನಿ ಅಣೆಕಟ್ಟು ಪೂರ್ಣಗೊಂಡಿತು. ಬೇಸಿಗೆಯಲ್ಲಿ ಕುಡಿಯುವ ನೀರಿಗಾಗಿ ನದಿಗೆ ನೀರು ಬಿಡುವ ಪದ್ಧತಿ ಬಂತು, ಅಲ್ಲಲ್ಲಿ ಬಂಧಾರೆಗಳು ಎದ್ದವು, ಉಸುಕು ಲಾರಿ ಏರಿತು. ಕುಡಿಯುವ ನೀರು ಬೇಡವೆಂದು ಯಾರು ಹೇಳುತ್ತಾರೆ? ಆದರೆ ಹೊಳೆಯ ಕರಬೂಜ ಹಾಗೆ ಹಿಂದೆ ಸರಿಯಿತು. ಉಳಿದದ್ದು ಹಿತ್ತಲು.

ನಮ್ಮ ಹಿತ್ತಲ ಬೀಜವೂ ಮೂಲದಲ್ಲಿ ಹೊಳೆಯದೇ. ಅವ್ವ ತನ್ನ ತವರಾದ ಭೀಮಾ ದಂಡೆಯ ಹಳ್ಳಿಯಿಂದ ತಂದದ್ದು. ಹಣ್ಣು ದೊಡ್ಡದಲ್ಲ, ಎರಡು ಬೊಗಸೆ ತುಂಬುವಷ್ಟು. ಮೇಲೆ ತೆಳ್ಳಗಿನ ಬಲೆ, ಉದ್ದಕ್ಕೆ ಹಸಿರು ಗೀರು, ಒಳಗೆ ತಿಳಿ ಕೇಸರಿ. 1972ರ ಬರಗಾಲದಲ್ಲಿ ಬಾವಿಯ ತಳ ಕಂಡಿತು. ಊರ ಜನ ಖಡಿ ಒಡೆಯುವ ಕೆಲಸಕ್ಕೆ ಹೋದರು. ಸುಕಡಿ ತಿಂದೆವು, ಪರದೇಶದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದೆವು. ಬಚ್ಚಲಕ್ಕೇ ನೀರಿಲ್ಲದಾಗ ಹಿತ್ತಲಿಗೆ ಎಲ್ಲಿಂದ ಬರಬೇಕು? ಆ ವರ್ಷ ಬೀಜ ಊರಲಿಲ್ಲ. ಕರಬೂಜದ ಬೀಜ ಹುರಿದರೆ ತಿನ್ನಲು ರುಚಿ ಎಂಬುದು ನಿಮಗೆ ಗೊತ್ತು. ಹಸಿದ ಹುಡುಗನಾದ ನಾನು ಒಂದು ಹಿಡಿ ಕೇಳಿದೆ. ಅವ್ವ ಡಬ್ಬಿಯೊಳಗಿನ ಬೂದಿ ಬದಲಿಸಿ, ಮುಚ್ಚಳ ಬಿಗಿದು, "ಇದು ತಿನ್ನೂದಲ್ಲೋ, ಇಡೂದು" ಅಂದಳು. ಬ್ಯಾಂಕಿನಲ್ಲಿ ಅಷ್ಟು ವರ್ಷ ಠೇವಣಿಯ ಪುಸ್ತಕ ಬರೆದೆ. ಠೇವಣಿ ಎಂದರೇನೆಂದು ನನಗೆ ಮೊದಲು ತಿಳಿಸಿದವಳು ಅವಳು.

ಅವ್ವನ ಒಂದು ಹಟ ಮಾತ್ರ ನನಗೆ ತಿಳಿದಿರಲಿಲ್ಲ. ಹಿತ್ತಲಲ್ಲಿ ತಾನಾಗಿ ಎದ್ದ ಮೆಕ್ಕಿಯ ಬಳ್ಳಿಯನ್ನು, ಅಂದರೆ ಮರಾಠಿಯವರ ಶೇಂದಾಡವನ್ನು, ಹೂ ಬಿಡುವ ಮೊದಲೇ ಕಿತ್ತು ಎಸೆಯುತ್ತಿದ್ದಳು. "ಇದರ ಮಗ್ಗಲಕ್ಕ ಅದು ಬ್ಯಾಡ. ಗಾಳಿ ಬಡದ್ರ ಹಣ್ಣ ಕೆಡ್ತದ" ಅನ್ನುತ್ತಿದ್ದಳು. ಪುಕ್ಕಟೆ ಸಿಗುವ ಕಾಯಿಪಲ್ಲೆ ಯಾಕೆ ಹಾಳು ಮಾಡುತ್ತಾಳೆ ಎಂದು ನಾವು ನಗುತ್ತಿದ್ದೆವು.

ಈಗ ನನ್ನ ತಪ್ಪನ್ನು ಹೇಳಬೇಕು. ನಿವೃತ್ತಿಯಾಗಿ ಹನ್ನೂರಿಗೆ ಬಂದು ನೆಲೆಸುವ ಹೊತ್ತಿಗೆ ಅವ್ವ ಇರಲಿಲ್ಲ. ಡಬ್ಬಿ ಇತ್ತು. ಮೊದಲನೆಯ ವರ್ಷ ಉತ್ಸಾಹದಿಂದ ಮೂರು ಗುಣಿಗೆ ಅವ್ವನ ಬೀಜ, ಮೂರು ಗುಣಿಗೆ ಪೇಟೆಯಿಂದ ತಂದ ಪಾಕೀಟಿನ ಹೈಬ್ರಿಡ್ ಬೀಜ ಹಾಕಿದೆ. ಯಾವುದು ಹೆಚ್ಚು ಕೊಡುತ್ತದೆ ನೋಡೋಣ ಎಂಬ ಲೆಕ್ಕಾಚಾರ. ಬೇಲಿಗೆ ಹಬ್ಬಿದ ಮೆಕ್ಕಿಯನ್ನೂ ಇರಲಿ ಎಂದು ಬಿಟ್ಟೆ. ಹಣ್ಣು ಚೆನ್ನಾಗಿ ಬಂತು. ಡಬ್ಬಿಯ ಹಳೆಯ ಬೀಜವನ್ನೆಲ್ಲ ಖರ್ಚು ಮಾಡಿದ್ದೆ. ಅವ್ವನ ಬಳ್ಳಿಯ ಹಣ್ಣಿನಿಂದ ಹೊಸ ಬೀಜ ತೆಗೆದು ಡಬ್ಬಿ ತುಂಬಿದೆ. ಮರುವರ್ಷ ಅದನ್ನೇ ಊರಿದೆ. ಒಂದು ಬಳ್ಳಿಯ ಹಣ್ಣು ಬಲಿಯುವ ಮೊದಲೇ ಒಡೆದು ಹಿಟ್ಟಾಯಿತು. ಇನ್ನೊಂದು ಸಪ್ಪೆ. ಮತ್ತೊಂದರಲ್ಲಿ ಮೆಕ್ಕಿಯ ಕಹಿ. ಅವ್ವನ ಹಣ್ಣು ಒಂದೂ ಇರಲಿಲ್ಲ. ಬರಗಾಲ ಕೊಲ್ಲದ ಬೀಜವನ್ನು ನಾನು ಎರಡು ಬೇಸಿಗೆಯಲ್ಲಿ ಕಳೆದೆ. ಮೊದಲು ನಾನೂ ಬರ್ನಿಯರನ ಹಾಗೆ ಮಣ್ಣನ್ನು ಬೈದೆ, ಬೋರ್‌ವೆಲ್ ನೀರನ್ನು ಬೈದೆ. ನೆರೆಯವರು ಪಕ್ಕದ ಸವತಿ ಬಳ್ಳಿಯನ್ನು ಬೈದರು.

ಆಮೇಲೆ ಪುಸ್ತಕ ತೆಗೆದು ಓದಿದಾಗ ಸತ್ಯ ತಿಳಿಯಿತು. ಸವತಿ ನಿರಪರಾಧಿ. ಸವತಿಗೂ ಕರಬೂಜಕ್ಕೂ ಪರಾಗ ಕೂಡುವುದಿಲ್ಲ. ಕಲ್ಲಂಗಡಿಗೂ ಕೂಡುವುದಿಲ್ಲ. ಆದರೆ ಮೆಕ್ಕಿ, ಮಂಗಳೂರ ಕಡೆಯ ಇಬ್ಬುಡ್ಲು, ಕೊಂಕಣದ ಚಿಬೂಡ, ಪೇಟೆಯ ಹೈಬ್ರಿಡ್, ಇವೆಲ್ಲ ಕರಬೂಜದ ಸ್ವಂತ ಕುಲದವು. ಒಂದರ ಪರಾಗ ಇನ್ನೊಂದಕ್ಕೆ ಸಲೀಸಾಗಿ ಹತ್ತುತ್ತದೆ. ಅದನ್ನು ಹೊತ್ತು ತರುವುದು ಜೇನುಹುಳ. ಅವ್ವ ಗಾಳಿ ಎಂದದ್ದು ಈ ಜೇನಿನ ಓಡಾಟವನ್ನೇ. ಕೂಡಿದ ವರ್ಷ ಹಣ್ಣಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಏಕೆಂದರೆ ತಿರುಳು ತಾಯಿ ಬಳ್ಳಿಯದು. ವ್ಯತ್ಯಾಸ ಅಡಗಿರುವುದು ಬೀಜದಲ್ಲಿ, ಅದು ಹೊರಬೀಳುವುದು ಮರುವರ್ಷ. ದಿಲ್ಲಿಯ ಸಿರಿವಂತರ ತೋಟಗಳ ಬೀಜ ಒಂದು ವರ್ಷದಲ್ಲಿ ಯಾಕೆ ಕೆಡುತ್ತಿತ್ತು ಎಂಬುದನ್ನೂ ಇದರಿಂದಲೇ ಊಹಿಸಬಹುದು. ಸುತ್ತಲೂ ಊರ ಕರಬೂಜ ಹೂ ಬಿಟ್ಟಿರುವಾಗ ಜೇನಿಗೆ ಅರಮನೆಯ ಗೋಡೆ ಅಡ್ಡವಾಗುವುದಿಲ್ಲ. ನಮ್ಮ ಮಾತಿಗೆ ಕನ್ನಡ, ಮರಾಠಿ ಎರಡೂ ಕೂಡಿದರೆ ರುಚಿ ಹೆಚ್ಚೀತು. ಬೀಜ ಕಾಯುವವನಿಗೆ ಮಾತ್ರ ಆ ಲೆಕ್ಕ ನಡೆಯುವುದಿಲ್ಲ.

ಮಣ್ಣಿನ ಮೇಲಿನ ಅಪವಾದವನ್ನು ವಿಜ್ಞಾನ ಬೇರೆ ರೀತಿಯಲ್ಲಿಯೂ ತೊಳೆದಿದೆ. 2019ರಲ್ಲಿ ವಿಜ್ಞಾನಿಗಳು ಜಗತ್ತಿನ ಸಾವಿರಕ್ಕೂ ಹೆಚ್ಚು ಬಗೆಯ ಕರಬೂಜಗಳ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಕಾಡಿನ ಕಾಯಿ ಮನುಷ್ಯನ ಕೈಗೆ ಬಂದು ಪಳಗಿದ್ದು ಮೂರು ಸಲ, ಅದರಲ್ಲಿ ಎರಡು ಸಲ ಭಾರತದಲ್ಲಿ, ಒಂದು ಸಲ ಆಫ್ರಿಕಾದಲ್ಲಿ ಎಂದು ಅವರು ತೀರ್ಮಾನಿಸಿದರು. ಹೊಲದ ಬದುವಿನಲ್ಲಿ ನಾವು ಕಾಲಿನಿಂದ ಒದೆಯುವ ಮೆಕ್ಕಿಯ ಕುಲವೇ ಬಾಬರನ ಕಣ್ಣಲ್ಲಿ ನೀರು ತರಿಸಿದ ಹಣ್ಣಿನ ಕುಲ. ಸಿಹಿಯ ದೊಡ್ಡ ಹಣ್ಣುಗಳನ್ನು ಆರಿಸಿ ಬೆಳೆಸಿದ ಕೀರ್ತಿ ಇರಾನ್, ಮಧ್ಯ ಏಷ್ಯಾದ ತೋಟಗಾರರಿಗೆ ಸಲ್ಲಬೇಕು. ಆದರೆ ಈ ಕುಲಕ್ಕೆ ನಮ್ಮ ಮಣ್ಣು ತವರುಮನೆ.

ತವರಿನ ಋಣ ಒಮ್ಮೆ ಅಮೆರಿಕಕ್ಕೂ ಬಿತ್ತು. ಕೊಲಂಬಸನ ಎರಡನೆಯ ಪ್ರಯಾಣದಲ್ಲಿ, 1494ರ ಹೊತ್ತಿಗೆ, ಕರಬೂಜದ ಬೀಜ ಆ ಕಡೆಯ ದ್ವೀಪಗಳನ್ನು ಮುಟ್ಟಿತ್ತು. ಮುಂದೆ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯಲ್ಲಿ ಸಾವಿರಾರು ಎಕರೆ ಕರಬೂಜ ಎದ್ದಿತು. 1925ರಲ್ಲಿ ಅಲ್ಲಿ ಬೂದಿರೋಗ ಕಾಣಿಸಿಕೊಂಡು ಎಲೆಗಳೆಲ್ಲ ಬಿಳಿಯ ಹಿಟ್ಟು ಬಳಿದಂತೆ ಆಗಿ ಬೆಳೆ ಹೋಯಿತು. ಅಲ್ಲಿಯ ತಜ್ಞರು ದೇಶದೇಶಗಳ ಬೀಜ ಬಿತ್ತಿ ನೋಡಿದಾಗ, ಭಾರತದಿಂದ ಹೋದ ಒಂದು ಕರಬೂಜಕ್ಕೆ ಆ ರೋಗ ತಗಲಲಿಲ್ಲ. ಅದರ ಹಣ್ಣಿಗೆ ಹೇಳಿಕೊಳ್ಳುವ ರುಚಿ ಇರಲಿಲ್ಲ. ಆದರೂ ಅದನ್ನು ತಮ್ಮ ಸಿಹಿ ಹಣ್ಣಿನೊಡನೆ ಕೂಡಿಸಿ, ಮತ್ತೆ ಮತ್ತೆ ಆರಿಸಿ, 1936ರಲ್ಲಿ 45ನೆಯ ನಂಬರಿನ ರೋಗನಿರೋಧಕ ತಳಿಯನ್ನು ರೈತರಿಗೆ ಕೊಟ್ಟರು. ಇದೇ ಬಗೆಯ ಅಮೆರಿಕದ 6ನೆಯ ನಂಬರಿನ ತಳಿಯನ್ನು ನಮ್ಮ ದಿಲ್ಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ತರಿಸಿ, ಉತ್ತರ ಪ್ರದೇಶದ ಕುತಾನಾ ಎಂಬ ನಾಟಿ ಕರಬೂಜದೊಡನೆ ಕೂಡಿಸಿ, ಪೂಸಾ ಶರಬತಿ ಎಂಬ ತಳಿ ತೆಗೆಯಿತು. ಸೊಸೆಯಾಗಿ ಹೋದ ಮಗಳು ಮೊಮ್ಮಕ್ಕಳೊಡನೆ ತವರಿಗೆ ಬಂದಂತಾಯಿತು. ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಆರಿಸಿ ಕೊಟ್ಟ ಅರ್ಕಾ ಜೀತ್, ಅರ್ಕಾ ರಾಜಹಂಸ ತಳಿಗಳೂ ಉತ್ತರ ಭಾರತದ ರೈತರು ಕಾದುಕೊಂಡು ಬಂದ ಊರ ಬೀಜಗಳಿಂದಲೇ ಬಂದವು. ಯಾರೋ ಒಬ್ಬರು ಡಬ್ಬಿಯಲ್ಲಿ ಇಟ್ಟದ್ದರಿಂದಲೇ ವಿಜ್ಞಾನಿಗೂ ಸಿಕ್ಕಿತು.

ನನ್ನ ಡಬ್ಬಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ನನ್ನ ಅಕ್ಕನನ್ನು ಗಡಿಯ ಆಚೆ ಅಫಜಲಪುರ ತಾಲೂಕಿಗೆ ಕೊಟ್ಟಿದೆ. ಮದುವೆಯಲ್ಲಿ ಉಡಿ ತುಂಬುವಾಗ ಅವ್ವ ಅಕ್ಕಿ ಕೊಬ್ಬರಿಯ ಜೊತೆ ಒಂದು ಚಿಂದಿ ಗಂಟನ್ನೂ ಹಾಕಿದ್ದಳಂತೆ. ನಾನು ಲಜ್ಜೆಯಿಂದ ನಡೆದದ್ದನ್ನು ಹೇಳಿದಾಗ ಅಕ್ಕ ನಕ್ಕಳು. ಅವಳೂ ಎರಡು ಮೂರು ವರ್ಷಕ್ಕೊಮ್ಮೆ ಊರುತ್ತ ಬಂದಿದ್ದಳು. ಕೊನೆಯ ಸಲ ಊರಿ ನಾಲ್ಕು ವರ್ಷವಾಗಿತ್ತು. ಚೆನ್ನಾಗಿ ಒಣಗಿದ ಕರಬೂಜದ ಬೀಜ ಐದಾರು ವರ್ಷ ಜೀವ ಹಿಡಿಯುತ್ತದೆ. ಅವಳು ಕೊಟ್ಟ ಹನ್ನೊಂದು ಬೀಜದಲ್ಲಿ ಏಳು ಮೊಳೆತವು, ಐದು ಬಳ್ಳಿ ಹಣ್ಣು ಕೊಟ್ಟವು. ಅದರಲ್ಲಿ ಎರಡರ ಹಣ್ಣು ಮಾತ್ರ ಅವ್ವನ ಹಣ್ಣಿನ ಹಾಗೆ ಇತ್ತು. ಉಳಿದ ಮೂರರಲ್ಲಿ ಅಲ್ಲಿಯ ನೆರೆಹೊರೆಯ ಬೆರಕೆ ಕಂಡಿತು. ಎರಡೇ ಆದರೂ ಸಾಕು. ಅವುಗಳ ಬೀಜವೇ ಈಗ ನನ್ನ ಡಬ್ಬಿಯಲ್ಲಿದೆ. ಅರ್ಧ ಪಾಲನ್ನು ಅಕ್ಕನಿಗೆ ತಿರುಗಿ ಕೊಟ್ಟಿದ್ದೇನೆ. ಒಂದೇ ಶಾಖೆಯಲ್ಲಿ ಎಲ್ಲ ಠೇವಣಿ ಇಡಬಾರದು ಎಂಬುದು ತಡವಾಗಿ ಕಲಿತ ಪಾಠ.

ಬೀಜ ಕೆಡದಂತೆ ಕಾಯುವ ಉಪಾಯ ಸುಲಭವಿದೆ, ಗಮನವಿಟ್ಟು ಕೇಳಿರಿ. ಬಳ್ಳಿಯಲ್ಲಿ ಮೊದಲು ಬರುವುದು ಗಂಡು ಹೂ. ಆಮೇಲೆ ಅಡ್ಡ ಟಿಸಿಲುಗಳಲ್ಲಿ, ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೂ ಬರುತ್ತದೆ. ನಾಳೆ ಅರಳುವಂಥ ಕಾಯಿಹೂವಿನ ಮೊಗ್ಗನ್ನೂ, ಅದೇ ತಳಿಯ ಗಂಡು ಮೊಗ್ಗನ್ನೂ ಸಂಜೆ ದಾರದಿಂದ ಮೆತ್ತಗೆ ಕಟ್ಟಿರಿ. ಬೆಳಿಗ್ಗೆ ಬಿಸಿಲೇರುವ ಮೊದಲು ಬಿಚ್ಚಿ, ಗಂಡು ಹೂವಿನ ಪರಾಗವನ್ನು ಇದಕ್ಕೆ ಸವರಿ, ಮತ್ತೆ ಕಟ್ಟಿರಿ. ತೊಟ್ಟಿಗೆ ಕೆಂಪು ದಾರದ ಗುರುತು ಇರಲಿ. ನಾಲ್ಕು ಹೂವಿಗೆ ಮಾಡಿದರೆ ಒಂದೋ ಎರಡೋ ನಿಲ್ಲುತ್ತವೆ. ಆ ಹಣ್ಣು ಬೀಜಕ್ಕೆ, ಉಳಿದವು ಬಾಯಿಗೆ. ಕಾಯಿಯ ಕೆಳಗೆ ಒಣಹುಲ್ಲು ಹಾಸಿದರೆ ಕೊಳೆಯುವುದಿಲ್ಲ. ಬಣ್ಣ ತಿರುಗುವಾಗ ನೀರು ಕಡಿಮೆ ಮಾಡಿದರೆ ಸಿಹಿ ಏರುತ್ತದೆ. ಹುಳ ಬಿದ್ದ ಕಾಯನ್ನು ಅಲ್ಲಿಯೇ ಬಿಡದೆ ಆಳಕ್ಕೆ ಹೂಳಿರಿ.

ಹಣ್ಣಾಯಿತೆಂದು ತಿಳಿಯುವುದು ಹೇಗೆ? ತೊಟ್ಟಿನ ಸುತ್ತ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದರೆ ಹಣ್ಣು ತಾನೇ ಕಳಚಿ ಕೈಗೆ ಬರುತ್ತದೆ. ಋಗ್ವೇದದ ಏಳನೆಯ ಮಂಡಲದ ಮೃತ್ಯುಂಜಯ ಮಂತ್ರದಲ್ಲಿ ಉರ್ವಾರುಕ ಎಂಬ ಹಣ್ಣು ಬಂಧನದಿಂದ ಬಿಡಿಸಿಕೊಳ್ಳುವ ಹೋಲಿಕೆ ಇದೆ. ಅದು ಸವತಿ ಎಂದು ಕೆಲವರು, ಕರಬೂಜದ ಕುಲದ ಹಣ್ಣು ಎಂದು ಕೆಲವರು ಅರ್ಥ ಮಾಡುತ್ತಾರೆ. ಸವತಿ ತಾನಾಗಿ ಕಳಚುವುದನ್ನು ನಾನು ಕಂಡಿಲ್ಲ. ಕರಬೂಜ ಕಳಚುವುದನ್ನು ಪ್ರತಿ ಬೇಸಿಗೆ ಕಾಣುತ್ತೇನೆ.

ಕಿತ್ತ ಹಣ್ಣನ್ನು ನೀರಿನ ಹರವಿಯ ಮಗ್ಗುಲಿಗೆ ಒಂದು ತಾಸು ಇಟ್ಟು, ಹೋಳು ಮಾಡಿ, ಬೆಲ್ಲ ಏಲಕ್ಕಿ ಕೂಡಿಸಿ ತಿನ್ನಬೇಕು. ನಮ್ಮ ಮನೆಯಲ್ಲಿ ಮೊದಲ ಹಣ್ಣು ದೇವರ ಮುಂದೆ, ಎರಡನೆಯದು ಅಕ್ಕಪಕ್ಕದವರಿಗೆ. ರಂಜಾನ್ ಬೇಸಿಗೆಯಲ್ಲಿ ಬಿದ್ದ ವರ್ಷಗಳಲ್ಲಿ ಸಂಜೆ ರೋಜಾ ಬಿಡುವ ಹೊತ್ತಿಗೆ ನೆರೆಮನೆಗೆ ಒಂದು ತಾಟು ಹೋಗುತ್ತಿತ್ತು. ತಾಟು ಮರಳಿ ಬರುವಾಗ ತೊಳೆದ ಬೀಜವೂ ಬರುತ್ತಿತ್ತು. ಅವ್ವನ ಬೀಜ ಬೇಕೆಂಬುದು ಅವರಿಗೂ ಗೊತ್ತಿತ್ತು.

2001ರಲ್ಲಿ ನಮ್ಮ ದೇಶದಲ್ಲಿ ಸಸ್ಯತಳಿ ಮತ್ತು ರೈತರ ಹಕ್ಕುಗಳ ಕಾಯದೆ ಬಂತು. ತಾನು ಬೆಳೆದ ಬೀಜವನ್ನು ಇಟ್ಟುಕೊಳ್ಳುವ, ಮತ್ತೆ ಬಿತ್ತುವ, ಇತರರಿಗೆ ಕೊಡುವ ಹಕ್ಕನ್ನು ಅದು ರೈತನಿಗೆ ಬರೆದುಕೊಟ್ಟಿದೆ. ಆದರೆ ಇಡಲು ಬೀಜವೇ ಇಲ್ಲದಿದ್ದರೆ ಹಕ್ಕು ಕಾಗದದ ಮೇಲೆ ಉಳಿಯುತ್ತದೆ. ಹೈಬ್ರಿಡ್ ಬೆಳೆಯಬೇಡಿರೆಂದು ನಾನು ಹೇಳುವುದಿಲ್ಲ. ಮಾರಾಟಕ್ಕೆ ಅದು ಬೇಕಾದೀತು. ಆದರೆ ಅದರ ಬೀಜ ಇಟ್ಟರೆ ಮರುವರ್ಷ ಅದೇ ಹಣ್ಣು ಬರುವುದಿಲ್ಲ.

ಬಂಧುಗಳೇ, ನಿಮ್ಮ ಮನೆಯ ಅಡ್ಡಗೋಡೆಯ ಮೇಲೆ, ಗಡಿಯ ಈಚೆಗೋ ಆಚೆಗೋ ಕೊಟ್ಟ ಅಕ್ಕ ತಂಗಿಯರ ಮನೆಯ ಮಾಡಿನಲ್ಲಿ, ಯಾವುದಾದರೂ ಹಳೆಯ ಡಬ್ಬಿ ಇದ್ದೀತು. ಈ ವಾರ ಒಮ್ಮೆ ತೆರೆದು ನೋಡಿರಿ. ಕೊನೆಯ ಸಲ ಊರಿದ್ದು ಯಾವಾಗ ಎಂದು ಹಿರಿಯರನ್ನು ಕೇಳಿ ಚೀಟಿ ಬರೆದು ಹಾಕಿರಿ. ಸಂಕ್ರಾಂತಿಯ ಮೇಲೆ ನಾಲ್ಕು ಬೀಜ ಊರಿರಿ, ನಾಲ್ಕನ್ನು ಇನ್ನೊಂದು ಮನೆಗೆ ಕೊಡಿರಿ. ಮಣ್ಣು ತನ್ನ ಕೆಲಸ ಮಾಡುತ್ತದೆ.